ಒಂದೇ ಸಲ ಕೇಳುವ ದೇಶ

ಅಮೆರಿಕದ ಸರಣಿ ತಿಂಡಿ ಅಂಗಡಿಗಳ ಬಗ್ಗೆ ಈ ಭೂಮಂಡಲದಲ್ಲೇ ಅತ್ಯಂತ ಖಚಿತವಾದ ಪ್ರವಾಸಿ ಕೈಪಿಡಿ ಬರೆದವರು ನಮ್ಮ ಕಾಕಾ. ಆ ಕೈಪಿಡಿಗೆ ಒಂದೇ ಒಂದು ಸಣ್ಣ ಕೊರತೆ. ಬರೆದವರು ಅಮೆರಿಕ ನೋಡಿಲ್ಲ! ನೋಡುವ ಆಸೆಯೂ ಇಲ್ಲ, ಪಾಸ್‌ಪೋರ್ಟೂ ಇಲ್ಲ. ಮದುವೆಗೆ ಧಾರವಾಡದ ಕಡೆ ಹೋದದ್ದು ಬಿಟ್ಟರೆ, ಹೈದರಾಬಾದಿನಿಂದ ಪಶ್ಚಿಮ ದಿಕ್ಕಿಗೆ ಅವರು ಮಾಡಿದ ಅತಿ ದೊಡ್ಡ ಪ್ರವಾಸವೆಂದರೆ ಚಾದರ ತರಲು ಸೊಲ್ಲಾಪುರಕ್ಕೆ ಹೋಗಿದ್ದು. ಅಲ್ಲಿಂದಲೂ ಚಾದರದ ಉದ್ದ ಅಗಲ ಹೇಳಿದಷ್ಟಿಲ್ಲ ಅಂತ ಜಗಳವಾಡಿ ಬರಿಗೈಯಲ್ಲಿ ಬಂದರು.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಹೈದರಾಬಾದಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿದ್ದು ನಿವೃತ್ತರಾದವರು. ಬೇರೆಯವರು ಮಾಡಿದ ನಟ್ಟು ಬೋಲ್ಟುಗಳನ್ನು ಅಳೆದು ಪಾಸ್, ತಿದ್ದಿ ತರಬೇಕಾದ್ದಕ್ಕೆ ರೀವರ್ಕ್, ರಿಜೆಕ್ಟ್ ಎಂಬ ಮೂರು ಠಸ್ಸೆಗಳಲ್ಲಿ ಒಂದನ್ನು ಹೊಡೆಯುವುದು ಅವರ ಕೆಲಸವಾಗಿತ್ತು. ನಿವೃತ್ತಿಯ ದಿನ ಕಾರ್ಖಾನೆಯವರು ಠಸ್ಸೆಗಳನ್ನು ವಾಪಸ್ ತೆಗೆದುಕೊಂಡರು, ಬುದ್ಧಿಯನ್ನು ಮಾತ್ರ ಅವರ ಹತ್ತಿರವೇ ಬಿಟ್ಟರು. ಈಗ ಲಿಂಗಂಪಲ್ಲಿಯ ಅವರ ಮನೆಯಲ್ಲಿ ಹಾಲಿನವ, ಇಸ್ತ್ರಿಯವ, ಲೋಕಲ್ ರೈಲು, ಮಳೆ ಎಲ್ಲವೂ ತಪಾಸಣೆಗೆ ಒಳಪಡುತ್ತವೆ. ಅಂಗಿಯ ಜೇಬಿನಲ್ಲಿ ದಪ್ಪ, ವ್ಯಾಸ ಅಳೆಯಲು ಸ್ವಂತ ದುಡ್ಡಿನಲ್ಲಿ ಕೊಂಡ ವರ್ನಿಯರ್ ಕ್ಯಾಲಿಪರ್ ಸದಾ ಇರುತ್ತದೆ. ನನ್ನನ್ನು ನೋಡಲು ವರ ಬಂದ ದಿನ ಅದನ್ನು ಅವರು ಹೊರಗೆ ತೆಗೆಯಲಿಲ್ಲ ಅನ್ನುವುದೇ ನನ್ನ ಪುಣ್ಯ. ಆಮೇಲೆ ಕೇಳಿದರೆ "ಅಳೆಯೋ ಜರೂರತ್ ಬೀಳಲಿಲ್ಲವಾ, ಕಣ್ಣಿಗೇ ಗೊತ್ತಾತು, ರೀವರ್ಕ್" ಅಂದರು. ನನ್ನ ಗಂಡನ ವಿಷಯದಲ್ಲಿ ಅವರ ತೀರ್ಪು ಎಷ್ಟು ಸರಿ ಎಂಬುದನ್ನು ಇಲ್ಲಿ ಬರೆಯಲಾರೆ.

ಇಂಥವರಿಗೆ ಅಮೆರಿಕದ ಬರ್ಗರ್ ಯಾಕೆ ಬೇಕಾಯಿತು? ಅದಕ್ಕೆ ಕಾರಣ ಕಾಕು, ಅಂದರೆ ಕಾಕಾನ ಹೆಂಡತಿ.

ಕಾಕು ಕಸೂತಿ ಹಾಕುತ್ತಾರೆ. ಧಾರವಾಡದ ಕಡೆಯಿಂದ ಮದುವೆಯಾಗಿ ಹೈದರಾಬಾದಿಗೆ ಬಂದಾಗ ಟ್ರಂಕಿನಲ್ಲಿ ಸೀರೆಗಿಂತ ನೂಲಿನ ಉಂಡೆಗಳೇ ಹೆಚ್ಚಿದ್ದವಂತೆ. ಇಳಕಲ್ ಸೀರೆಯ ಮೇಲೆ ಅವರು ಗೋಪುರ, ತೇರು, ಆನೆ ಮೂಡಿಸಿದರೆ ಬಟ್ಟೆಯ ಒಳಮೈ ಯಾವುದು ಹೊರಮೈ ಯಾವುದು ಅಂತ ಹೇಳಲು ಬರುವುದಿಲ್ಲ. ಕಾಕಾನ ಕ್ಯಾಲಿಪರ್ ಕೂಡ ಆ ವಿಷಯದಲ್ಲಿ ಸೋತಿದೆ. ಹೋದ ವರ್ಷ ಒಂದು ಕರಕುಶಲ ಸಂಘದವರು ಕಾಕುಗೆ ಪತ್ರ ಬರೆದರು. ಆರು ಮಂದಿ ಹೆಣ್ಣುಮಕ್ಕಳ ತಂಡ, ಐದು ವಾರ, ಅಮೆರಿಕದ ಊರೂರಲ್ಲಿ ಕಸೂತಿ ಹಾಕಿ ತೋರಿಸುವುದು. ಪಾಸ್‌ಪೋರ್ಟು, ವೀಸಾ, ವಿಮಾನ ಎಲ್ಲ ಅವರದೇ. ಕೊನೆಯಲ್ಲಿ ಒಂದು ಸಾಲು: ಒಂದು ಊರಿಂದ ಇನ್ನೊಂದು ಊರಿಗೆ ವ್ಯಾನಿನಲ್ಲಿ ಹೋಗುವಾಗ ಊಟ ಹೆದ್ದಾರಿಯ ಪಕ್ಕದ ಸರಣಿ ತಿಂಡಿ ಅಂಗಡಿಗಳಲ್ಲಿ. ಒಪ್ಪಿಗೆಯನ್ನು ಒಂದು ತಿಂಗಳೊಳಗೆ ತಿಳಿಸಬೇಕು.

ಕಾಕು ಪತ್ರ ಮಡಚಿ ನೂಲಿನ ಡಬ್ಬಿಯೊಳಗೆ ಇಟ್ಟರು. "ಆಗಂಗಿಲ್ಲವಾ. ನಾ ಹೊರಗ ಎಲ್ಲೆ ತಿಂತೀನಿ?" ಅಂದರು.

ನಾವು ಯಾರೂ ನಂಬಲಿಲ್ಲ. ಬಂಧುಬಳಗದ ಏಕಾಭಿಪ್ರಾಯವೆಂದರೆ, ಕಾಕುಗೆ ಹೋಗುವ ಆಸೆ ಇದೆ, ಕಾಕಾನ ಹೊಟ್ಟೆ ಬಿಡುವುದಿಲ್ಲ ಅಂತ. ಕಾಕಾಗೆ ಬಿಸಿ ರೊಟ್ಟಿ ಬೇಕು, ಬಿಸಿ ಅಂದರೆ ಹೆಂಚಿನಿಂದ ತಟ್ಟೆಗೆ ನೇರವಾಗಿ ಬೀಳಬೇಕು. ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಮತ್ತು ಕೆನೆ ಮೊಸರು ಪಕ್ಕದಲ್ಲಿರಬೇಕು. ಚಹಾ ಮಾಡಲು ಬರುವುದಿಲ್ಲ. ಗ್ಯಾಸ್ ಹಚ್ಚುವಾಗ ಒಂದು ಹೆಜ್ಜೆ ಹಿಂದೆ ನಿಂತು ಕೈ ಮಾತ್ರ ಮುಂದೆ ಕಳಿಸುವ ಮನುಷ್ಯ ಐದು ವಾರ ಹೆಂಡತಿಯನ್ನು ಬಿಟ್ಟಾರೆಯೇ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಕಾಕಾ ನೂಲಿನ ಡಬ್ಬಿಯಿಂದ ಪತ್ರ ತೆಗೆದು, ಕನ್ನಡಕ ಹಾಕಿ ಎರಡು ಸಲ ಓದಿ ಅಂದರು:

"ತಿನ್ನಾಕ ಬರ್ತದೋ ಇಲ್ಲೋ ಅನ್ನೋದು ತಪಾಸಣಿ ಮಾಡಿದ ಮ್ಯಾಲೆ ಹೇಳೋ ಮಾತು. ಮೊದಲ ರಿಜೆಕ್ಟ್ ಮಾಡಿದರ ಹೆಂಗ? ಆ ಅಂಗಡಿಗೋಳು ಇಲ್ಲೂ ಬಂದಾವಲ್ಲ. ಬೇರು ಅಲ್ಲೆ, ಟೊಂಗಿ ಇಲ್ಲೆ. ಟೊಂಗಿ ನೋಡಿ ಗಿಡ ಹೇಳತೀನಿ ನಾ."

ಮರುದಿನವೇ ಸುಲ್ತಾನ್ ಬಜಾರಿಗೆ ಹೋಗಿ ಉದ್ದನೆಯ ರಿಜಿಸ್ಟರ್ ತಂದರು. ನನ್ನ ಮನೆ ಹಿಮಾಯತ್‌ನಗರದಲ್ಲಿ. ಆ ರಸ್ತೆಯಲ್ಲಿ ಇಂಥ ಅಂಗಡಿಗಳು ಒಂದರ ಮಗ್ಗುಲಿಗೆ ಒಂದು ಇವೆ. ಹೀಗಾಗಿ ನನ್ನನ್ನು ಯಾರೂ ಕೇಳದೆಯೇ ಸಹಾಯಕ ತಪಾಸಕಿಯ ಹುದ್ದೆಗೆ ನೇಮಿಸಲಾಯಿತು. ಅಂಗಡಿಯ ಹೆಸರು ಬರೆದರೆ ಪಕ್ಷಪಾತವಾಗುತ್ತದೆ ಅಂತ ಕಾಕಾ ಬೋರ್ಡಿನ ಬಣ್ಣದಿಂದಲೇ ಗುರುತು ಹಾಕಿದರು. ಮೂರು ಅಂಗಡಿಗಳ ಬೋರ್ಡು ಕೆಂಪಗಿದ್ದುದರಿಂದ ಕೆಂಪು ಒಂದು, ಕೆಂಪು ಎರಡು, ಕೆಂಪು ಮೂರು ಆದವು.

ಮೊದಲ ದಿನ ಕೆಂಪು ಒಂದು. ಒಳಗೆ ಹೋದವರೇ ಕಾಕಾ ಕೈ ತೊಳೆದು ಬಂದು ಮೇಜಿನ ಮುಂದೆ ಚಕ್ಕಂಬಕ್ಕಳ ಹಾಕಿ ಕುಳಿತರು. ಆಫೀಸಿನಲ್ಲಿ ಕೆಲಸವಿತ್ತು ಅಂತ ನಾನು ಇಪ್ಪತ್ತು ನಿಮಿಷ ತಡವಾಗಿ ಹೋದೆ. ಅವರು ಹಾಗೇ ಕುಳಿತಿದ್ದರು.

"ಏನು ಮಂದಿ ಇವರು. ಇಷ್ಟೊತ್ತಾತು, ಯಾರೂ ಬಂದು 'ಯಾವಾಗ ಬಂದ್ರಿ' ಅಂತ ಕೇಳವಲ್ಲರು."

"ಕಾಕಾ, ಇಲ್ಲಿ ಯಾರೂ ಬಂದು ಕೇಳಂಗಿಲ್ಲರಿ. ನಾವ ಹೋಗಿ ಕೇಳಬೇಕು, ನಾವ ತರಬೇಕು, ತಿಂದ ಮ್ಯಾಲೆ ನಾವ ಎತ್ತಿ ಚೆಲ್ಲಬೇಕು."

"ಹಂಗಾದ್ರ ಅವರು ಮಾಡೋದೇನು?"

ನಾನೇ ಸಾಲಿನಲ್ಲಿ ನಿಂತು ಬರ್ಗರ್ ತಂದುಕೊಟ್ಟೆ. ಕಾಕಾ ಕ್ಯಾಲಿಪರ್ ತೆಗೆದರು. ಮೊದಲು ಬನ್ನಿನ ವ್ಯಾಸ, ಆಮೇಲೆ ಒಟ್ಟು ಎತ್ತರ, ಆಮೇಲೆ ಒಳಗಿನ ಆಲೂ ಟಿಕ್ಕಿಯ ದಪ್ಪ. ಎದ್ದು ಹೋಗಿ ಗೋಡೆಯ ಮೇಲಿನ ಚಿತ್ರದಲ್ಲಿದ್ದ ಬರ್ಗರನ್ನೂ ಗೇಣು ಹಾಕಿ ಅಳೆದರು. ಚಿತ್ರದ ಬರ್ಗರ್ ಮೂರು ಅಡಿ ಇತ್ತು. "ಸ್ಕೇಲ್ ಎಲ್ಲೂ ಬರದಿಲ್ಲ" ಅಂತ ರಿಜಿಸ್ಟರಿನಲ್ಲಿ ಬರೆದರು. ಅಷ್ಟರಲ್ಲಿ ಒಳಗಿನಿಂದ ಟೈ ಕಟ್ಟಿದ ಮ್ಯಾನೇಜರ್ ಓಡಿ ಬಂದ. ಇವರು ಯಾವುದೋ ಇಲಾಖೆಯವರು ಅಂತ ಅವನಿಗೆ ಅನುಮಾನ. "ಏಮೈನಾ ಪ್ರಾಬ್ಲಮಾ ಸಾರ್?" ಅಂತ ತೆಲುಗಿನಲ್ಲಿ ವಿಚಾರಿಸಿ, ಕುರ್ಚಿ ಸರಿಸಿ, ಮೇಜು ಒರೆಸಿ, ಎರಡು ಲೋಟ ನೀರು ಇಟ್ಟು, ಕೈಕಟ್ಟಿ ನಿಂತುಬಿಟ್ಟ. ಕಾಕಾನ ಮುಖ ಅರಳಿತು. ರಿಜಿಸ್ಟರಿನ ಮೊದಲ ಪುಟದಲ್ಲಿ ಈಗಲೂ ಆ ಸಾಲು ಇದೆ: "ಕೆಂಪು ಒಂದು. ಉಪಚಾರ ತಡವಾಗಿ ಆರಂಭವಾಗುತ್ತದೆ, ಆದರೆ ಮನಸ್ಸಿನಿಂದ ಮಾಡುತ್ತಾರೆ."

ಉಪಚಾರ! ಆ ಶಬ್ದದಲ್ಲೇ ಮುಂದಿನ ಅನಾಹುತಗಳೆಲ್ಲ ಇದ್ದವು.

ನಮ್ಮ ಕಡೆಯ ಊಟ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಊಟಕ್ಕೆ ಕುಳಿತವರು 'ಸಾಕು' ಅಂದರೆ ಬಡಿಸುವವರು ಅದನ್ನು ಕಿವಿಗೆ ಹಾಕಿಕೊಳ್ಳಬಾರದು. ಮೊದಲ ಸಲ ಬೇಡ ಅನ್ನುವುದು ಮರ್ಯಾದೆಗೆ. ಎರಡನೆಯ ಸಲ ಬೇಡ ಅನ್ನುವುದು ಬಡಿಸುವವರ ಪ್ರೀತಿ ಎಷ್ಟಿದೆ ಅಂತ ನೋಡುವುದಕ್ಕೆ. ಮೂರನೆಯ ಸಲ ಕೇಳಿದಾಗ 'ಅಯ್ಯ, ನಿಮ್ಮ ಮಾತಿಗಂತ ಒಂದು' ಅಂತ ಕೈ ತೆಗೆಯಬೇಕು. ಎರಡೂ ಕಡೆಯವರಿಗೆ ನಿಯಮ ಗೊತ್ತಿರುವುದರಿಂದ ಯಾರೂ ಹಸಿದು ಏಳುವುದಿಲ್ಲ. ಇದರಲ್ಲಿ ಕಾಕು ಎತ್ತಿದ ಕೈ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ತುಪ್ಪ ಇಳಿಸುತ್ತಾರೆ. ಹೋಳಿಗೆಯ ದಿನ ಅವರ ಪಂಕ್ತಿಯಿಂದ ತಪ್ಪಿಸಿಕೊಂಡು ಎದ್ದ ಗಂಡಸು ನಮ್ಮ ವಂಶದಲ್ಲಿಲ್ಲ.

ಈಗ ಎರಡನೆಯ ದಿನ, ಹಳದಿ ಅಂಗಡಿ. ಅಲ್ಲಿಗೆ ಹೋಗುವಷ್ಟರಲ್ಲಿ ಕಾಕಾ ಸಾಲಿನಲ್ಲಿ ನಿಲ್ಲುವುದನ್ನು ಕಲಿತಿದ್ದರು. ಕೌಂಟರಿನ ಹುಡುಗಿ ಆಲೂ ಬರ್ಗರ್ ಬರೆದುಕೊಂಡು, ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ ನಗುತ್ತಾ, ಜೊತೆಗೆ ಇನ್ನೇನಾದರೂ ಬೇಕೇ ಅಂತ ಕೇಳಿದಳು, "ಸಾಥ್ ಮೇ ಫ್ರೈಸ್ ಔರ್ ಐಸ್‌ಕ್ರೀಮ್ ಹೋನಾ ಅಂಕಲ್?"

ಕಾಕಾಗೆ ಆನಂದವೋ ಆನಂದ. ನನ್ನ ಕಡೆ ತಿರುಗಿ ಮೆಲ್ಲಗೆ "ಹುಡುಗಿ ಭಾಳ ಸಂಸ್ಕಾರವಂತಿ ಐತಿ ನೋಡು" ಅಂದರು. ಆಮೇಲೆ ಅವಳಿಗೆ, ಬೇಡವೆಂದು ಎರಡೂ ಕೈ ಅಲ್ಲಾಡಿಸಿ, ಹೈದರಾಬಾದಿ ಧಾಟಿಯಲ್ಲಿ "ನಕ್ಕೋ ಬೇಟಾ, ನಕ್ಕೋ" ಅಂದರು. ಅಂದು, ಮುಖದ ತುಂಬ ನಗು ಇಟ್ಟುಕೊಂಡು ನಿಂತರು.

ಹುಡುಗಿ ಬಿಲ್ ಹರಿದು ಕೊಟ್ಟು "ನೆಕ್ಸ್ಟ್" ಅಂದಳು.

ಕಾಕಾ ಕದಲಲಿಲ್ಲ. ಹಿಂದಿನವರು ತಳ್ಳಿದರು. ನಾನು ತೋಳು ಹಿಡಿದು ಎಳೆದೆ.

"ತಡಿಯವಾ, ಆಕಿ ಇನ್ನೂ ಕೇಳತಾಳ."

"ಕೇಳಂಗಿಲ್ಲರಿ ಕಾಕಾ. ಬ್ಯಾಡ ಅಂದ್ರಲ್ಲ, ಮುಗೀತು."

"ಮುಗೀತು? ಒಂದ ಸಲಕ್ಕ? ನಾ ಬ್ಯಾಡ ಅಂದದ್ದನ್ನ ಖರೇ ಅಂತ ತಿಳಿದಳೇನು ಆಕಿ?"

ಅವತ್ತು ಅವರು ಐಸ್‌ಕ್ರೀಮ್ ಇಲ್ಲದೆ ಮನೆಗೆ ಬಂದರು. ತಿನ್ನುವ ಆಸೆ ಬಹಳ ಇತ್ತು. ಮತ್ತೆ ಹೋಗಿ ತಾವಾಗಿಯೇ ಕೇಳುವುದೆಂದರೆ ನಮ್ಮ ಏಳು ತಲೆಮಾರಿನ ಮಾನ ಹೋಗುತ್ತದೆ. ರಿಜಿಸ್ಟರಿನಲ್ಲಿ ಹೊಸ ಕಾಲಂ ಬಿದ್ದಿತು: "ಎಷ್ಟು ಸಲ ಕೇಳುತ್ತಾರೆ?" ಅದಕ್ಕಾಗಿ ಕಾಕಾ ಒಂದು ವಾರ ಪ್ರತಿ ಅಂಗಡಿಯಲ್ಲೂ ಬೇಡ ಅಂದು ಕಾದರು. ಕೆಂಪು ಒಂದು, ಒಂದು ಸಲ. ಕೆಂಪು ಎರಡು, ಒಂದು ಸಲ. ಹಸಿರು, ಒಂದು ಸಲ. ನೀಲಿ ಅಂಗಡಿಯ ಒಬ್ಬ ಹುಡುಗ ಎರಡು ಸಲ ಕೇಳಿದ. ಕಾಕಾ ಅವನಿಗೆ ಪಾಸ್ ಕೊಡಲು ಹೊರಟಿದ್ದರು. ಮಿಕ್ಸರಿನ ಸದ್ದಿನಲ್ಲಿ ಇವರ ಉತ್ತರ ಅವನಿಗೆ ಕೇಳಿಸಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಪಿಜ್ಜಾದ ತಪಾಸಣೆ ಮನೆಯಲ್ಲೇ ನಡೆಯಿತು. ಡಬ್ಬಿ ತೆರೆದ ಕೂಡಲೇ ಕಾಕಾ ಆಕ್ಷೇಪಿಸಿದರು: ದುಂಡಗಿರುವುದನ್ನು ಎಂಟು ತುಂಡು ಮಾಡಿ ಕಳಿಸಿದರೆ ವ್ಯಾಸ ಅಳೆಯುವುದು ಹೇಗೆ? ತುಂಡುಗಳನ್ನು ಜೋಡಿಸಿ ಅಳೆದು ಮುಗಿಸುವಷ್ಟರಲ್ಲಿ ಅದು ತಣ್ಣಗಾಗಿ ಚರ್ಮವಾಯಿತು. ಮೇಲೆ ಶೇಂಗಾ ಹಿಂಡಿ ಉದುರಿಸಿಕೊಂಡು ತಿಂದು "ಹಿಂಡಿ ಒಯ್ದರ ಪಾಸ್" ಅಂತ ಬರೆದರು. ಕಾಕು ಒಂದು ತುಂಡಿನ ಅಂಚು ಮುರಿದು ಬಾಯಿಗಿಟ್ಟು, "ರೊಟ್ಟಿ ಮ್ಯಾಲೆ ಟೊಮೆಟೊ ಸಾರು ಚೆಲ್ಲಿದಂಗಾಗೇತಿ" ಅಂತ ನಕ್ಕರು. ಹೋಗುವ ಮಾತು ತೆಗೆದರೆ ಮಾತ್ರ ಸೂಜಿಗೆ ನೂಲು ಪೋಣಿಸತೊಡಗುತ್ತಿದ್ದರು. ತಿಂಗಳಲ್ಲಿ ಅರ್ಧ ಕಳೆದಿತ್ತು.

ಆಗ ಬಿತ್ತು ಸಿಡಿಲು. ಮೇಲಿನ ಮನೆಯ ತೆಲುಗಿನವರು, ನಾವು ಆಂಟಿ ಅನ್ನುವವರು, ಅಮೆರಿಕದಲ್ಲಿ ತಮ್ಮನ ಮನೆಯಲ್ಲಿ ಎರಡು ತಿಂಗಳಿದ್ದು ಬಂದವರು, ಒಂದು ಸಂಜೆ ಮೊಸರಿಗೆ ಹೆಪ್ಪು ಕೇಳಲು ಬಂದರು. ಕಾಕಾ ಹೆಮ್ಮೆಯಿಂದ ರಿಜಿಸ್ಟರ್ ತೋರಿಸಿದರು. ಆಂಟಿ ಹಾಳೆ ತಿರುವಿ ತಿರುವಿ ನಕ್ಕು, ಆಮೇಲೆ ಕನಿಕರದಿಂದ ಹೇಳಿದರು. ಅಲ್ಲಿ ಆಲೂ ಟಿಕ್ಕಿ ಸಿಗುವುದಿಲ್ಲ, ಪನೀರ್ ಸಿಗುವುದಿಲ್ಲ. ಪೊಟ್ಟಣದ ಮೇಲೆ ನಮ್ಮಲ್ಲಿರುವ ಶಾಕಾಹಾರದ ಹಸಿರು ಚುಕ್ಕೆಯೇ ಅಲ್ಲಿ ಇರುವುದಿಲ್ಲ. ಇವೆಲ್ಲ ನಮಗೋಸ್ಕರ ಇಲ್ಲಿ ಮಾತ್ರ ಮಾಡುವಂಥವು.

ಕಾಕಾ ರಿಜಿಸ್ಟರ್ ಮುಚ್ಚಿದರು. ಮೂವತ್ತೇಳು ಪುಟಗಳ ತಪಾಸಣೆ, ಬೇರೆ ಗಿಡದ ಟೊಂಗೆಯ ಮೇಲೆ! ಅವತ್ತು ಅವರು ಒಂದು ರೊಟ್ಟಿ ಕಡಿಮೆ ತಿಂದರು. ಕಾಕು ಮೂರು ಸಲ ಕೇಳಿದರೂ ಕೈ ತೆಗೆಯಲಿಲ್ಲ.

"ಬಿಡ್ರಿ, ನಾ ಏನ ಹೋಗಬೇಕಂತ ಹಟ ಹಿಡದಿಲ್ಲಲ್ಲ" ಅಂದರು ಕಾಕು. ಆ ಮಾತು ಅವರ ಬಾಯಿಂದ ಬರುವಾಗ ಕೈ ನೂಲಿನ ಡಬ್ಬಿಯ ಮುಚ್ಚಳದ ಮೇಲಿತ್ತು. ನನಗೆ ಕೆಟ್ಟೆನಿಸಿತು. ಅವರಿಗೆ ಹೋಗುವ ಆಸೆ ಎಷ್ಟಿದೆ ಅಂತ ಅವತ್ತು ತಿಳಿಯಿತು.

ಮರುದಿನ ಬೆಳಗ್ಗೆ ಆರಕ್ಕೆ ನನಗೆ ಫೋನು. "ಹನ್ನೊಂದಕ್ಕ ಬರತೀನಿ. ತಯಾರಿರು. ರೀವರ್ಕ್."

ರೀವರ್ಕಿನ ತತ್ವ ಸರಳ. ಅಲ್ಲಿ ಬೇಕಾದ್ದು ಸಿಗದಿದ್ದರೆ, ಬೇಡದ್ದನ್ನು, ಅಂದರೆ ಮಾಂಸವನ್ನು, ತೆಗೆಸಿ ಉಳಿದದ್ದನ್ನು ತಿನ್ನುವುದು. ಇದಕ್ಕೆ ಇಂಗ್ಲಿಷಿನ ಒಂದೇ ಶಬ್ದ ಸಾಕು, 'ವಿತೌಟ್'. ಕಾಕಾ ಕೆಂಪು ಒಂದಕ್ಕೆ ಹೋಗಿ ಟಿಕ್ಕಿ ಇಲ್ಲದ ಬರ್ಗರ್ ಕೇಳಿದರು. ಹುಡುಗ ಕಕ್ಕಾಬಿಕ್ಕಿಯಾಗಿ ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದ. ಮ್ಯಾನೇಜರ್ ಇವರನ್ನು ನೋಡಿದ ಕೂಡಲೇ ಎರಡು ಲೋಟ ನೀರು ತಂದಿಟ್ಟ. ಬನ್ನು, ಚೀಸು, ಟೊಮೆಟೊ, ಎರಡು ಎಲೆ ಬಂತು. ಪಾಸ್. ಪಿಜ್ಜಾ ಬರಿ ಚೀಸಿನದು, ಪಾಸ್. ಕರಿದ ಆಲೂಗಡ್ಡೆಗೆ "ಯಾವ ಎಣ್ಣೆ ಅಂತ ಕೇಳಬೇಕು, ಉತ್ತರ ತಡವರಿಸಿದರೆ ಬಿಡಬೇಕು." ಬೀನ್ಸ್ ಕಾಳು, ಅನ್ನ ಹಾಕಿ ಚಪಾತಿಯಲ್ಲಿ ಸುತ್ತಿಕೊಡುವ ನೇರಳೆ ಅಂಗಡಿಗೆ ಎರಡು ಗೆರೆ ಎಳೆದ ಪಾಸ್, "ನಮ್ಮ ಮಡಿಕಿಕಾಳಿನ ಪಲ್ಯದ ದೂರದ ಸಂಬಂಧಿ" ಎಂಬ ಟಿಪ್ಪಣಿಯೊಂದಿಗೆ. ಎಲ್ಲಕ್ಕಿಂತ ಮೇಲೆಂದರೆ ಹಸಿರು ಅಂಗಡಿ. ಅಲ್ಲಿ ಗಾಜಿನ ಹಿಂದೆ ತರಕಾರಿ ಇಟ್ಟಿರುತ್ತಾರೆ, ನಾವು ಬೆರಳು ತೋರಿಸಿದ್ದನ್ನು ಉದ್ದನೆಯ ಬ್ರೆಡ್ಡಿನೊಳಗೆ ತುಂಬಿ ಕೊಡುತ್ತಾರೆ. ಬಾಯೇ ತೆರೆಯಬೇಕಿಲ್ಲ. ಕಾಕುಗೆ ಹೇಳಿ ಮಾಡಿಸಿದ ಹಾಗಿತ್ತು.

"ಇನ್ನ ಫೀಲ್ಡ್ ಟ್ರಯಲ್ ಒಂದು ಆತಂದ್ರ ಕೆಲಸ ಮುಗೀತು" ಅಂದರು ಕಾಕಾ.

ಒಪ್ಪಿಗೆ ತಿಳಿಸಲು ಒಂದು ವಾರ ಉಳಿದಿತ್ತು. ಕಾಕುವನ್ನು ನೂಲು ತರುವ ನೆಪದಲ್ಲಿ ಸುಲ್ತಾನ್ ಬಜಾರಿಗೆ ಕರೆದುಕೊಂಡು ಹೋಗಿ, ಅಲ್ಲಿಂದ ಹಿಮಾಯತ್‌ನಗರದ ಹಸಿರು ಅಂಗಡಿಗೆ ತಂದೆವು. ಕಾಕಾ ಅವರ ಕೈಗೆ ದುಡ್ಡು ಕೊಟ್ಟು, "ಹೋಗು. ನಿನಗ ಏನು ಬೇಕೋ ತೋರಿಸಿ ತಗೊಂಡು ಬಾ. ನಾವು ಇಲ್ಲಿಲ್ಲ ಅಂತ ತಿಳಿ" ಅಂದು, ನನ್ನನ್ನೂ ಎಳೆದುಕೊಂಡು ಒಂದು ಕಂಬದ ಹಿಂದೆ ನಿಂತರು. ಕಂಬ ಕಾಕಾಗಿಂತ ಸಪೂರ. ಇಡೀ ಅಂಗಡಿಗೆ ಅವರು ಕಾಣುತ್ತಿದ್ದರು.

ಕಾಕು ಸೆರಗು ಹೊದ್ದುಕೊಂಡು ಗಾಜಿನ ಮುಂದೆ ನಿಂತರು. ಬ್ರೆಡ್ಡು ತೋರಿಸಿದರು. ಸೌತೆಕಾಯಿ ತೋರಿಸಿದರು. ಹುಡುಗ ಅದನ್ನು ಹಾಕಿ, ಚಿಮಟ ಹಿಡಿದು, "ಔರ್ ಕ್ಯಾ ಹೋನಾ ಅಮ್ಮಾ?" ಅಂದ. ಅವರ ಮುಂದೆ ಟೊಮೆಟೊ ಇತ್ತು, ಈರುಳ್ಳಿ ಇತ್ತು, ಮೆಕ್ಕೆಜೋಳ, ಚೀಸು, ನಾಲ್ಕು ಬಗೆಯ ಚಟ್ನಿ ಇತ್ತು. ಕಾಕು ಅವೆಲ್ಲವನ್ನೂ ಒಮ್ಮೆ ನೋಡಿದರು. ಆಮೇಲೆ ತಲೆ ಅಲ್ಲಾಡಿಸಿ "ಬಸ್ ಬೇಟಾ" ಅಂದರು. ಹುಡುಗ ಬ್ರೆಡ್ಡು ಮುಚ್ಚಿ ಕಾಗದ ಸುತ್ತಿ ಕೊಟ್ಟುಬಿಟ್ಟ.

ಒಂದು ಮೊಳದ ಬ್ರೆಡ್ಡು, ಒಳಗೆ ಆರು ಬಿಲ್ಲೆ ಸೌತೆಕಾಯಿ. ಕಾಕು ಮೂಲೆಯ ಮೇಜಿನಲ್ಲಿ ಕುಳಿತು ತಿಂದರು. ಬೇಗ ಬೇಗ ತಿಂದರು, ಕಾಗದದಲ್ಲಿ ಉದುರಿದ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ತಿಂದರು. ಕಂಬದ ಹಿಂದಿನಿಂದ ಕಾಕಾ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಆಗ ಹೊಳೆಯಿತು, ಕಾಕು ಊಟ ಮಾಡುವುದನ್ನು ನಾನು ಅವತ್ತಿನ ತನಕ ನೋಡಿಯೇ ಇಲ್ಲ. ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದು ಹೋದ ಮೇಲೆ ಅಡುಗೆಮನೆಯಲ್ಲಿ ಅವರು ಯಾವಾಗಲೋ ಏನೋ ತಿನ್ನುತ್ತಿದ್ದರು. ಕಾಕಾನ ಮುಖ ನೋಡಿದರೆ ಅವರಿಗೂ ಅದೇ ಹೊಳೆದ ಹಾಗಿತ್ತು. ಕ್ಯಾಲಿಪರ್ ಕೈಯಲ್ಲಿತ್ತು, ಬ್ರೆಡ್ಡನ್ನು ಅಳೆಯುವುದು ಮರೆತಿದ್ದರು.

ಅವರಿಬ್ಬರನ್ನು ಬಿಟ್ಟುಬರಲು ನಾನೂ ನಾಂಪಲ್ಲಿಯಿಂದ ಲಿಂಗಂಪಲ್ಲಿಯ ಲೋಕಲ್ ಹತ್ತಿದೆ. ಬೇಗಂಪೇಟೆ ದಾಟಿದ ಮೇಲೆ ಕಾಕಾ ಕಾಕುವನ್ನು ಕೇಳಿದರು.

"ಆ ಹುಡುಗ ಇನ್ನೇನು ಬೇಕು ಅಂದಾಗ ಬಸ್ ಅಂದಿ. ಖರೇನ ಬ್ಯಾಡಾಗಿತ್ತೇನು?"

"ಬೇಕಾಗಿತ್ತರಿ. ಆ ಜ್ವಾಳದ ಕಾಳು ನೋಡಿ ಬಾಯಾಗ ನೀರು ಬಂತು." ಕಾಕು ನಕ್ಕರು. "ಒಮ್ಮಿಗೇ ಹೂಂ ಅನ್ನೋದು ಹೆಂಗರಿ? ಇನ್ನೊಮ್ಮೆ ಕೇಳತಾನ ಅಂತ ಮಾಡಿದ್ದೆ."

"ಅಲ್ಲ, ಮನ್ಯಾಗ ನಿನಗ ಯಾರು ಇನ್ನೊಮ್ಮೆ ಕೇಳತಾರ?"

ಕಾಕು ಕಿಟಕಿಯ ಹೊರಗೆ ನೋಡಿದರು. ದೂರು ಹೇಳುವ ದನಿಯಲ್ಲಿ ಅಲ್ಲ, ಲೆಕ್ಕ ತಪ್ಪಬಾರದು ಅನ್ನುವವರ ಹಾಗೆ ಸ್ವಲ್ಪ ಯೋಚಿಸಿ, "ಒಮ್ಮೆರ ಯಾರು ಕೇಳತಾರರಿ" ಅಂದರು.

ನನಗಂತೂ ನಾಚಿಕೆಯಾಯಿತು. ಆ ಮನೆಯಲ್ಲಿ ನಾನು ಎಷ್ಟು ಹೋಳಿಗೆ ತಿಂದಿದ್ದೇನೆ!

ನಾನು ನಾಲ್ಕು ದಿನ ರಜೆ ಹಾಕಿ ಅಲ್ಲೇ ಉಳಿದೆ. ಮರುದಿನದಿಂದ ಮನೆಯಲ್ಲಿ ತರಬೇತಿ ಶುರುವಾಯಿತು. ರೊಟ್ಟಿ ಬಡಿದು ಮುಗಿದ ಕೂಡಲೇ ಕಾಕಾ ಕಾಕುವನ್ನು ಮಣೆಯ ಮೇಲೆ ಕೂರಿಸಿ, ಸೊಂಟಕ್ಕೆ ಟವೆಲ್ ಕಟ್ಟಿಕೊಂಡು, ತಾವೇ ಪಾತ್ರೆ ಹಿಡಿದು ನಿಲ್ಲುತ್ತಿದ್ದರು. "ಪಲ್ಯ?" ಅಂತ ಒಮ್ಮೆ ಕೇಳುವುದು. ಕಾಕು ರೂಢಿಯಿಂದ "ಸಾಕ್ರಿ" ಅಂದರೆ "ನೆಕ್ಸ್ಟ್" ಅಂದು ಪಾತ್ರೆಯನ್ನು ಒಳಗೆ ಒಯ್ದು ಮುಚ್ಚಿಡುವುದು! ದಯೆ ದಾಕ್ಷಿಣ್ಯವಿಲ್ಲ. ಮೊದಲ ದಿನ ಕಾಕು ಒಂದು ರೊಟ್ಟಿಗೆ ಎದ್ದರು. ಎರಡನೆಯ ದಿನ ಎಣ್ಣೆಗಾಯಿ ಕಣ್ಣೆದುರಿಗೇ ವಾಪಸ್ ಹೋಯಿತು. ಅದನ್ನು ವಾಪಸ್ ಒಯ್ಯುವಾಗ ಕಾಕಾ ಒಳಗೆ ಹೋಗಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಕೇಳಿದರೆ "ಉಳ್ಳಾಗಡ್ಡಿ ಖಾರವಾ" ಅಂದರು. ಈರುಳ್ಳಿ ಅವತ್ತು ಯಾರೂ ಹೆಚ್ಚಿರಲಿಲ್ಲ.

ಮೂರನೆಯ ದಿನ "ಮೊಸರು?" ಅಂದರು ಕಾಕಾ.

ಕಾಕುವಿನ ಬಾಯಿ "ಸಾ" ಅನ್ನುವುದಕ್ಕೆ ತೆರೆಯಿತು. ಹಾಗೇ ನಿಂತಿತು. ಕಾಕಾ ಪಾತ್ರೆ ತಿರುಗಿಸತೊಡಗಿದರು.

"ಹೂಂ" ಅಂದರು ಕಾಕು.

"ಪಾಸ್" ಅಂದರು ಕಾಕಾ. ಸಂತೋಷದಲ್ಲಿ ಅರ್ಧ ಪಾತ್ರೆ ಮೊಸರು ತಟ್ಟೆ ದಾಟಿ ನೆಲಕ್ಕೆ ಹೋಯಿತು. ಅವತ್ತೇ ಸಂಜೆ ಕಾಕು ನೂಲಿನ ಡಬ್ಬಿಯಿಂದ ಪತ್ರ ತೆಗೆದು, ನನ್ನ ಕೈಲಿ ಒಪ್ಪಿಗೆಯ ಉತ್ತರ ಬರೆಸಿದರು.

ಕೈಪಿಡಿಯನ್ನು ಜೋಳಿಗೆಯಲ್ಲಿ ಹಿಡಿಸುವಂಥ ಸಣ್ಣ ಪುಸ್ತಕಕ್ಕೆ ನಕಲು ಮಾಡುವ ಕೆಲಸ ನನಗೆ ಬಂತು. ಆಲೂ ಬರ್ಗರಿನ ಮೂವತ್ತೇಳು ಪುಟ ಬಿಟ್ಟು, ರೀವರ್ಕಿನಿಂದ ಬರೆಯುತ್ತಾ ಬಂದೆ. ಕೊನೆಯ ಪುಟಕ್ಕೆ ಬಂದಾಗ ನನ್ನ ಪೆನ್ನು ನಿಂತಿತು. ಅಲ್ಲಿ ಬಣ್ಣಗಳೂ ಇರಲಿಲ್ಲ, ಅಳತೆಯೂ ಇರಲಿಲ್ಲ. ಕಾರ್ಖಾನೆಯ ದಪ್ಪ ಅಕ್ಷರದಲ್ಲಿ ಇಷ್ಟೇ ಇತ್ತು:

"ಸಾಮಾನ್ಯ ಸೂಚನೆ. ಆ ದೇಶದಲ್ಲಿ ಒಂದೇ ಸಲ ಕೇಳುತ್ತಾರೆ. ಅವರದು ತಪ್ಪಲ್ಲ, ಪದ್ಧತಿ. ಕೇಳಿದ ಕೂಡಲೇ ಹೂಂ ಅನ್ನತಕ್ಕದ್ದು. ಹಸಿದು ಇರಕೂಡದು. ಮನೆಗೆ ಬಂದ ಮೇಲೆ ಮೂರು ಸಲ ಕೇಳುವ ಜವಾಬ್ದಾರಿ ನನ್ನದು." ಕೆಳಗೆ ಸಹಿ. ಸಹಿಯ ಕೆಳಗೆ, ಅಭ್ಯಾಸಬಲದಿಂದ, ತಪಾಸಕ ಅಂತ ಬರೆದು, ಆಮೇಲೆ ಅದನ್ನು ಹೊಡೆದು ಹಾಕಿದ್ದರು.

ಕಾಕು ಹೋದರು. ಐದು ವಾರ ಕಾಕಾ ಏನು ತಿನ್ನುತ್ತಾರೋ ಅಂತ ನಾನು ಡಬ್ಬಿ ಕಟ್ಟಿಕೊಂಡು ಹೋದರೆ ಬಾಗಿಲಲ್ಲೇ ಡಬ್ಬಿ ಇಸಿದುಕೊಂಡು ಕಳಿಸಿಬಿಡುತ್ತಿದ್ದರು. ಒಳಗೆ ಏನೋ ಬಡಿಯುವ ಸದ್ದು, ಸುಟ್ಟ ವಾಸನೆ. ಮೇಲಿನ ಮನೆಯ ಆಂಟಿ ಎರಡು ಸಲ ಬಂದು ಬೆಂಕಿ ಬಿದ್ದಿದೆಯಾ ಅಂತ ವಿಚಾರಿಸಿ ಹೋದರಂತೆ.

ಕಾಕು ತಿರುಗಿ ಬಂದ ದಿನ ಮಧ್ಯಾಹ್ನ ನಾವೆಲ್ಲ ಲಿಂಗಂಪಲ್ಲಿಯಲ್ಲಿ ಸೇರಿದೆವು. ಕೆನ್ನೆ ತುಂಬಿಕೊಂಡು ಬಂದಿದ್ದರು. "ಅವರು ಕೇಳೋದಕ್ಕೂ ನಾ ಹೂಂ ಅನ್ನೋದಕ್ಕೂ ಸರಿ ಆಗತಿತ್ತು. ಕಡೇ ಕಡೇಕ ಅವರು ಕೇಳೋದಕ್ಕ ಮೊದಲ ಹೂಂ ಅಂದೆ" ಅಂತ ನಗಿಸಿದರು. ಕಾಕಾ ಅವರನ್ನು ಮಣೆಯ ಮೇಲೆ ಕೂರಿಸಿ ಒಳಗಿನಿಂದ ಒಂದು ತಾಟು ತಂದರು. ತಾಟಿನಲ್ಲಿ ಜೋಳದ ರೊಟ್ಟಿಗಳು. ಒಂದಕ್ಕೂ ದುಂಡನೆಯ ಆಕಾರವಿರಲಿಲ್ಲ, ಕ್ಯಾಲಿಪ‌ರ್ ಹಿಡಿದಿದ್ದರೆ ಎಲ್ಲವೂ ರಿಜೆಕ್ಟ್. ಕಾಕು ಅವನ್ನು ನೋಡಿದರು, ಕಾಕಾನ ಸುಟ್ಟ ಬೆರಳುಗಳನ್ನು ನೋಡಿದರು, ಒಂದು ರೊಟ್ಟಿಯನ್ನು ತಿಂದು ಮುಗಿಸಿದರು.

"ಇನ್ನೊಂದು ಹಾಕಲೇನು?" ಅಂದರು ಕಾಕಾ.

"ಸಾಕ್ರಿ."

ಕಾಕಾ ತಬ್ಬಿಬ್ಬಾದರು. "ಅಲ್ಲ, ಒಮ್ಮಿಗೇ ಹೂಂ ಅನ್ನಾಕ ಕಲತಿದ್ದಿಯಲ್ಲ?"

"ಅದು ಅಲ್ಲಿ ರೀತಿ" ಅಂದರು ಕಾಕು, ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು. "ಇಲ್ಲೆ ನೀವು ಮೂರು ಸಲ ಕೇಳತೀನಂತ ಬರದು ಸಹಿ ಮಾಡಿ ಕೊಟ್ಟೀರಿ."

ಕಾಕಾ ಎರಡನೆಯ ಸಲ ಕೇಳಿದರು. ಕಾಕು ಕೈ ತೆಗೆಯಲಿಲ್ಲ. ಕಾಕಾ ರೊಟ್ಟಿ ಹಿಡಿದುಕೊಂಡು ಅವರ ಎದುರಿಗೆ ನೆಲದ ಮೇಲೇ ಕುಳಿತು, ಮೂರನೆಯ ಸಲ ಕೇಳಿದರು.

ಆಗ ಕಾಕು ಕೈ ತೆಗೆದರು. "ಹಾಕ್ರಿ" ಅಂದರು. "ನನಗ ಭಾಳ ಹಸಿವಾಗೇತಿ."

ಹುಟ್ಟಿದಾಗಿನಿಂದ ಆ ಮನೆಗೆ ಹೋಗಿಬರುವ ನಾನು ಕಾಕುವಿನ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು.